ಮರಳುಗುಡ್ಡಗಳ ನಾಡಿನ ಲಾರಿಯವನು



ಅಮೆರಿಕದ ನಕ್ಷೆಯನ್ನು ಹರವಿಕೊಂಡು ಅದರ ನಟ್ಟನಡುವೆ ಬೆರಳಿಟ್ಟರೆ ನೆಬ್ರಾಸ್ಕ ರಾಜ್ಯ ಸಿಗುತ್ತದೆ. ಆ ರಾಜ್ಯದ ಉತ್ತರಕ್ಕೆ ಸುಮಾರು ಐವತ್ತು ಸಾವಿರ ಚದರ ಕಿಲೋಮೀಟರಿನಷ್ಟು ನೆಲ ಪೂರಾ ಮರಳುದಿಬ್ಬ. ಹಾಗೆಂದು ಅದು ಮರುಭೂಮಿಯಲ್ಲ. ದಿಬ್ಬಗಳ ಮೇಲೆಲ್ಲ ಹುಲ್ಲು ಹಬ್ಬಿದೆ, ಹುಲ್ಲಿನ ಬೇರು ಮರಳನ್ನು ಕದಲದಂತೆ ಹಿಡಿದಿದೆ. ಅಡಿಯಲ್ಲಿ ಒಗಲಾಲ ಎಂಬ ವಿಶಾಲವಾದ ಅಂತರ್ಜಲ ಇದೆ. ಗಾಳಿಯಂತ್ರಗಳು ಅದನ್ನು ಮೇಲೆತ್ತಿ ದನದ ತೊಟ್ಟಿಗೆ ಸುರಿಯುತ್ತವೆ. ಅಲ್ಲಿನವರು ಈ ಸೀಮೆಯನ್ನು ಸ್ಯಾಂಡ್‌ಹಿಲ್ಸ್ ಎಂದು ಕರೆಯುತ್ತಾರೆ. ಅದರೊಳಗಿನ ಚೆರಿ ಕೌಂಟಿ ಎಂಬ ಒಂದೇ ಜಿಲ್ಲೆ ನಮ್ಮ ಬೆಳಗಾವಿ ಜಿಲ್ಲೆಗಿಂತ ದೊಡ್ಡದು. 2020ರ ಜನಗಣತಿಯಲ್ಲಿ ಅಲ್ಲಿದ್ದ ಜನ ಸುಮಾರು ಐದೂವರೆ ಸಾವಿರ. ದನಗಳು ಅದರ ಎಷ್ಟೋ ಪಟ್ಟು.

ಈ ಹೊತ್ತು ನಾನು ಹೇಳಹೊರಟಿರುವುದು ಆ ಸೀಮೆಯ ಒಬ್ಬ ಮನುಷ್ಯನ ಬಾಳು. ಅವನು ರ‍್ಯಾಂಚ್ ಎಂಬ ವಿಶಾಲ ಹುಲ್ಲುಗಾವಲಿನಲ್ಲಿ ದನ ಸಾಕಿದವನು, ಲಾರಿ ಓಡಿಸಿದವನು. ಹರೆಯದಲ್ಲಿ ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದವನು. ಭಾನುವಾರ ತಪ್ಪದೆ ಚರ್ಚಿನಲ್ಲಿ ಇರುವವನು. ಅವನಿಗೆ ನಾನು ಹೆಸರಿಟ್ಟಿಲ್ಲ, ಏಕೆಂದರೆ ಅವನು ಒಬ್ಬನಲ್ಲ. ಅಂಥ ಹಲವರ ಬಾಳನ್ನು ಓದಿ, ತಿಳಿದು, ಒಂದಾಗಿ ಕೂಡಿಸಿ ಬರೆದ ಚಿತ್ರ ಇದು. ಅವನ ಸುತ್ತಲಿನ ಊರು, ಕಾನೂನು, ರಸ್ತೆ, ಯುದ್ಧ, ಇಸವಿಗಳು ಮಾತ್ರ ನಿಜದವು.

ಇಂಥವನನ್ನು ಹೊರಗಿನ ಜಗತ್ತು ಯಾರ ಹಂಗೂ ಇಲ್ಲದ ಮನುಷ್ಯ ಎಂದು ತಿಳಿದಿದೆ. ಕುದುರೆಯೇರಿ ಒಬ್ಬನೇ ಹೋಗುವ ಕೌಬಾಯಿಯನ್ನು ಸಿನಿಮಾ ತೋರಿಸಿತು. ಆಮೇಲೆ ಹೆದ್ದಾರಿಯಲ್ಲಿ ಒಬ್ಬನೇ ಹೋಗುವ ಲಾರಿ ಡ್ರೈವರನ್ನೂ ಅದೇ ಬಣ್ಣದಲ್ಲಿ ತೋರಿಸಿತು. ನನಗೆ ಕಂಡದ್ದು ಬೇರೆ. ಅವನಷ್ಟು ಹಂಗುಗಳ ನಡುವೆ ಬಾಳುವವರು ವಿರಳ. ಬ್ಯಾಂಕಿನ ಹಂಗು, ಮಳೆಯ ಹಂಗು, ನೆರೆಯವರ ಹಂಗು, ಸತ್ತ ಗೆಳೆಯರ ಹಂಗು. ಇವುಗಳಲ್ಲಿ ಕೆಲವನ್ನು ಅವನು ಹಲ್ಲು ಕಚ್ಚಿ ಸಹಿಸುತ್ತಾನೆ. ಇನ್ನು ಕೆಲವು ಇಲ್ಲದಿದ್ದರೆ ಅವನು ಉಳಿಯುತ್ತಲೇ ಇರಲಿಲ್ಲ.

ನೆಲದ ಮಾತನ್ನು ಮೊದಲು ಮುಗಿಸಿಬಿಡೋಣ. ಈ ಹುಲ್ಲುಗುಡ್ಡಗಳು ಲಕೋಟ, ಪಾನಿ ಮುಂತಾದ ಮೂಲನಿವಾಸಿಗಳು ಕಾಡೆಮ್ಮೆ ಬೇಟೆಯಾಡಿ ಬಾಳಿದ ನೆಲ. 19ನೇ ಶತಮಾನ ಮುಗಿಯುವ ಹೊತ್ತಿಗೆ ಒಪ್ಪಂದಗಳನ್ನು ಮುರಿದು ಅವರನ್ನು ಮೀಸಲು ಪ್ರದೇಶಗಳಿಗೆ ದೂಡಿಯಾಗಿತ್ತು. ಚೆರಿ ಕೌಂಟಿಯ ಉತ್ತರದ ಗಡಿ ದಾಟಿದರೆ ಇವತ್ತಿಗೂ ದಕ್ಷಿಣ ಡಕೋಟದ ರೋಸ್‌ಬಡ್ ಮೀಸಲು ಪ್ರದೇಶ ಸಿಗುತ್ತದೆ. ಅಲ್ಲಿಯೂ ದನ ಸಾಕುವವರಿದ್ದಾರೆ, ಲಾರಿ ಓಡಿಸುವವರಿದ್ದಾರೆ, ಸೇನೆಯಲ್ಲಿ ದುಡಿದು ಬಂದವರಂತೂ ಮನೆಮನೆಯಲ್ಲಿದ್ದಾರೆ. ತಮ್ಮ ನೆಲ ಕಸಿದ ದೇಶಕ್ಕಾಗಿಯೇ ಅವರು ಅಷ್ಟು ದೊಡ್ಡ ಪ್ರಮಾಣದಲ್ಲಿ ಯುದ್ಧಕ್ಕೆ ಹೋದರು. ಬಿಳಿಯ ರ‍್ಯಾಂಚಿನವನ ಕಥೆ ಹೇಳುವಾಗ ಬೇಲಿಯಾಚೆಯ ಈ ಮನೆಗಳನ್ನು ಮರೆಯುವುದು ಸಲ್ಲದು.

1862ರ ಕಾನೂನು ಒಕ್ಕಲು ಕುಟುಂಬಕ್ಕೆ 160 ಎಕರೆ ಕೊಟ್ಟಿತು. ಮರಳಿನಲ್ಲಿ ಅದು ಏನೇನೂ ಸಾಲದು ಎಂದು ತಿಳಿದ ಮೇಲೆ, 1904ರಲ್ಲಿ ಕಿನ್ಕೇಡ್ ಎಂಬ ಸಂಸದನ ಹೆಸರಿನ ಕಾನೂನು ಬಂದು 640 ಎಕರೆ ಕೊಟ್ಟಿತು. ನಮ್ಮ ಕಿವಿಗೆ ಅದು ಜಮೀನ್ದಾರಿಕೆಯೇ ಸರಿ. ಆದರೆ ಆ ಸೀಮೆಯಲ್ಲಿ ಒಂದು ಹಸು, ಅದರ ಕರು ವರ್ಷವಿಡೀ ಮೇಯಲು ಹದಿನೈದಿಪ್ಪತ್ತು ಎಕರೆ ಬೇಕಾಗುತ್ತದೆ. 640 ಎಕರೆಯಲ್ಲಿ ಮೇಯುವುದು ಮೂವತ್ತೈದೋ ನಲವತ್ತೋ ಹಸು. ಮಾರಲು ವರ್ಷಕ್ಕೆ ಅಷ್ಟೇ ಕರು, ಅದೂ ಯಾವುದೂ ಸಾಯದಿದ್ದರೆ. ಹುಲ್ಲನ್ನು ಉತ್ತು ಮೆಕ್ಕೆಜೋಳ ಬಿತ್ತಿದವರ ಹೊಲ ಗಾಳಿಗೆ ಹಾರಿಹೋಯಿತು. ಬಹಳ ಮಂದಿ ಮಾರಿ ಹೊರಟರು. ಉಳಿದವರು ಸಾಲ ಮಾಡಿ ಆ ನೆಲ ಕೊಂಡರು. ಸಾಲ ಅಪ್ಪನಿಂದ ಮಗನಿಗೆ ಬಂತು.

ನಮ್ಮವನ ಕೈಗೆ ಸ್ಟೇರಿಂಗ್ ಬಂದದ್ದು ಈ ಲೆಕ್ಕದಿಂದಲೇ. ಹಸು ವರ್ಷಕ್ಕೊಮ್ಮೆ ದುಡ್ಡು ಕೊಡುತ್ತದೆ, ಬ್ಯಾಂಕು ತಿಂಗಳು ತಿಂಗಳೂ ಕೇಳುತ್ತದೆ. ಇಂದಿಗೂ ಅಮೆರಿಕದ ಬೇಸಾಯದ ಮನೆಗಳ ಆದಾಯದಲ್ಲಿ ಬಹುಪಾಲು ಬರುವುದು ಹೊಲದ ಹೊರಗಿನ ದುಡಿಮೆಯಿಂದ. ಹೆಂಡತಿ ಶಾಲೆಯಲ್ಲೋ ಆಸ್ಪತ್ರೆಯಲ್ಲೋ ಕೆಲಸ ಮಾಡುತ್ತಾಳೆ. ಆ ಕೆಲಸಕ್ಕೆ ಸಂಬಳದ ಜೊತೆ ಆರೋಗ್ಯವಿಮೆ ಇರುತ್ತದೆ, ಎಷ್ಟೋ ಮನೆಗಳಿಗೆ ಸಂಬಳಕ್ಕಿಂತ ಅದೇ ಮುಖ್ಯ. ಗಂಡ ಲಾರಿ ಓಡಿಸುತ್ತಾನೆ. ಲಾರಿ ಅವನ ಹವ್ಯಾಸವಲ್ಲ, ಹುಲ್ಲನ್ನು ಉಳಿಸಿಕೊಳ್ಳುವ ದಾರಿ.

ರೈತನಿಗೂ ಲಾರಿಗೂ ನಂಟು ಬೆಳೆಯಲು ಒಂದು ಕಾನೂನಿನ ಕಾರಣವೂ ಉಂಟು. 1935ರಲ್ಲಿ ಅಮೆರಿಕ ಸರ್ಕಾರ ಲಾರಿ ಉದ್ಯಮವನ್ನು ಪರವಾನಗಿ ಮತ್ತು ದರಗಳ ಕಟ್ಟುಪಾಡಿಗೆ ತಂದಿತು. ಆದರೆ ದನಕರು ಮತ್ತು ಸಂಸ್ಕರಿಸದ ಬೆಳೆ ಸಾಗಿಸುವ ಲಾರಿಗಳನ್ನು ಅದರಿಂದ ಹೊರಗಿಟ್ಟಿತು. ಹಳ್ಳಿಯ ಹುಡುಗ ಒಂದು ಹಳೆಯ ಲಾರಿ ಹೊಂದಿಸಿಕೊಂಡರೆ ಯಾರನ್ನೂ ಕೇಳದೆ ದನ ಸಾಗಿಸಬಹುದಿತ್ತು. ಅದಕ್ಕೂ ಮೊದಲು ದನಗಳು ಹೋಗುತ್ತಿದ್ದುದು ರೈಲಿನಲ್ಲಿ, ಶಿಕಾಗೊ ಮತ್ತು ಒಮಾಹದ ದೊಡ್ಡ ದನದ ಮಾರುಕಟ್ಟೆಗಳಿಗೆ. 1955ರಲ್ಲಿ ಒಮಾಹ ಶಿಕಾಗೊವನ್ನೂ ಮೀರಿಸಿ ಅತಿ ದೊಡ್ಡ ಮಾರುಕಟ್ಟೆಯಾಯಿತು. 1960ರ ದಶಕದಲ್ಲಿ ಮಾಂಸದ ಕಂಪನಿಗಳು ನಗರ ಬಿಟ್ಟು ಹಳ್ಳಿಗಾಡಿಗೆ ಬಂದವು. ಲಾರಿ ಇದ್ದ ಮೇಲೆ ರೈಲುನಿಲ್ದಾಣ ಏಕೆ? ಶಿಕಾಗೊ ಮಾರುಕಟ್ಟೆ 1971ರಲ್ಲಿ ಮುಚ್ಚಿತು, ಒಮಾಹದ್ದು 1999ರಲ್ಲಿ. ಈಗ ದೇಶದ ಕೊಬ್ಬಿಸಿದ ದನಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಕೊಳ್ಳುವವು ನಾಲ್ಕೇ ಕಂಪನಿಗಳು. ಲಾರಿ ಹಳ್ಳಿಯವನಿಗೆ ದುಡಿಮೆ ಕೊಟ್ಟಿತು. ಅದೇ ಲಾರಿಯ ಬಲದಿಂದ ಬೆಳೆದ ಕಂಪನಿಗಳು ಅವನ ಕರುವಿನ ಬೆಲೆಯನ್ನು ಕೆಲವೇ ಕೊಳ್ಳುಗರ ಕೈಗೆ ಕೊಟ್ಟವು. ಇದು ಅವನಿಗೆ ಚೆನ್ನಾಗಿ ಗೊತ್ತು. ಹರಾಜಿನ ದಿನ ಕಟಕಟೆಯ ಸುತ್ತ ಕೂತ ಕೊಳ್ಳುಗರು ಎಷ್ಟು ಮಂದಿ ಎಂದು ಅವನು ಮೊದಲು ಎಣಿಸುತ್ತಾನೆ.

ಈಗ ಯುದ್ಧದ ಮಾತು. ಆಗ ಅಮೆರಿಕದಲ್ಲಿ ಕಡ್ಡಾಯ ಸೇನಾಭರ್ತಿ ಇತ್ತು. ಚೀಟಿ ಎತ್ತಿ ಹುಡುಗರನ್ನು ಆರಿಸುವ ಪದ್ಧತಿ ಬಂದದ್ದು 1969ರ ಡಿಸೆಂಬರಿನಲ್ಲಿ. ಅದಕ್ಕೂ ಮೊದಲು ಯಾರು ಹೋಗಬೇಕು, ಯಾರಿಗೆ ವಿನಾಯಿತಿ ಎಂದು ನಿರ್ಧರಿಸುತ್ತಿದ್ದುದು ಆಯಾ ಜಿಲ್ಲೆಯ ಹಿರಿಯರ ಮಂಡಳಿ. ಬೇಸಾಯಕ್ಕೆ ಅಗತ್ಯ ಎನಿಸಿದವರಿಗೆ ವಿನಾಯಿತಿಯೂ ಇತ್ತು. ಸಣ್ಣ ಊರಿನಲ್ಲಿ ಇದರ ಅರ್ಥವನ್ನು ಯೋಚಿಸಿ. ನಿನ್ನ ಮಗ ಹೊಲಕ್ಕೆ ಬೇಕಾದವನೋ ಅಲ್ಲವೋ ಎಂದು ತೀರ್ಮಾನಿಸಿದವನು ಭಾನುವಾರ ನಿನ್ನ ಮುಂದಿನ ಬೆಂಚಿನಲ್ಲಿ ಕೂತಿರಬಹುದು. ಮಗ ಹಿಂತಿರುಗದಿದ್ದರೆ ಮಣ್ಣಿಗೆ ಬಂದು ಹೆಗಲು ಕೊಡುವವನೂ ಅವನೇ ಆಗಿರಬಹುದು. ಆ ಚರ್ಚುಗಳಲ್ಲಿ ಕೆಲವು ಮನೆಗಳ ನಡುವೆ ಹತ್ತಾರು ವರ್ಷ ಮಾತು ಕಡಿಮೆಯಾಗಿದ್ದರೆ ಆಶ್ಚರ್ಯವಿಲ್ಲ. ಆದರೂ ಅವರು ಅದೇ ಬೆಂಚುಗಳಲ್ಲಿ ಕೂತರು.

ನಮ್ಮವನಿಗೆ ಹತ್ತೊಂಬತ್ತು ತುಂಬುವಾಗ ಕರೆ ಬಂತು. ಹತ್ತು ಹನ್ನೆರಡರ ವಯಸ್ಸಿನಿಂದ ಹುಲ್ಲುಗಾವಲಿನಲ್ಲಿ ಲಾರಿ ಓಡಿಸಿದವನ ಕೈಗೆ ಸೇನೆಯೂ ಲಾರಿಯನ್ನೇ ಕೊಟ್ಟಿತು. ವಿಯೆಟ್ನಾಮಿನ ಕ್ವಿನ್ಯಾನ್ ಬಂದರಿನಲ್ಲಿ ಹಡಗಿನಿಂದ ಇಳಿದ ಮದ್ದುಗುಂಡು, ಪೆಟ್ರೋಲು, ಅಕ್ಕಿ, ಟಯರುಗಳನ್ನು ಒಳನಾಡಿನ ಪ್ಲೇಕು ಎಂಬ ಊರಿಗೆ ಮುಟ್ಟಿಸಬೇಕು. ದಾರಿ 19ನೇ ನಂಬರಿನ ಹೆದ್ದಾರಿ, ನೂರೈವತ್ತು ಕಿಲೋಮೀಟರಿಗೂ ಹೆಚ್ಚು. ನಡುವೆ ಆನ್‌ಖೆ, ಮಾಂಗ್‌ಯಾಂಗ್ ಎಂಬ ಎರಡು ಘಟ್ಟ. ಮಾಂಗ್‌ಯಾಂಗ್ ಘಟ್ಟದ ದಾರಿಯಲ್ಲೇ 1954ರಲ್ಲಿ ಫ್ರೆಂಚರ ಒಂದು ಇಡೀ ಸೇನಾತುಕಡಿ ಹೊಂಚಿಗೆ ಸಿಕ್ಕಿ ನುಚ್ಚುನೂರಾಗಿತ್ತು.

1967ರ ಸೆಪ್ಟೆಂಬರ್ 2ರಂದು, ಪ್ಲೇಕುವಿನಿಂದ ಹಿಂತಿರುಗುತ್ತಿದ್ದ ಲಾರಿಗಳ ಸಾಲಿನ ಮೇಲೆ ಈ ರಸ್ತೆಯಲ್ಲಿ ದಾಳಿ ನಡೆಯಿತು. ಕೆಲವೇ ನಿಮಿಷಗಳಲ್ಲಿ ಏಳು ಮಂದಿ ಸತ್ತರು, ಹದಿನೇಳು ಮಂದಿ ಗಾಯಗೊಂಡರು. ಡ್ರೈವರುಗಳನ್ನು ಕಾಯಲು ಸಾಕಷ್ಟು ಪಡೆ ಇರಲಿಲ್ಲ. ಆಗ ಡ್ರೈವರುಗಳೇ ತಮ್ಮ ಲಾರಿಗಳನ್ನು ಕೋಟೆ ಮಾಡಿಕೊಂಡರು. ಮೊದಲು ಮರದ ಹಲಗೆ, ಮರಳುಮೂಟೆ ಕಟ್ಟಿದರು. ಮಳೆಗೆ ಮೂಟೆ ನೆನೆದು ಲಾರಿ ಏರು ಹತ್ತಲಾರದಾಯಿತು. ಆಮೇಲೆ ಎಲ್ಲೆಲ್ಲಿಂದಲೋ ಉಕ್ಕಿನ ತಗಡು ತಂದು ಬೆಸೆದರು, ಮೆಷಿನ್‌ಗನ್ ಕೂರಿಸಿದರು. ಗನ್‌ಟ್ರಕ್ ಎಂದು ಅವಕ್ಕೆ ಹೆಸರು. ಪ್ರತಿ ಲಾರಿಗೂ ಹುಡುಗರು ಒಂದೊಂದು ಹೆಸರಿಟ್ಟು ಬಣ್ಣದಲ್ಲಿ ಬರೆದರು. ಅವುಗಳಲ್ಲಿ 'ಈವ್ ಆಫ್ ಡಿಸ್ಟ್ರಕ್ಷನ್' ಎಂಬ ಒಂದು ಮಾತ್ರ ಅಮೆರಿಕಕ್ಕೆ ಮರಳಿ ಬಂದು ವರ್ಜೀನಿಯದ ಫೋರ್ಟ್ ಯೂಸ್ಟಿಸ್ ವಸ್ತುಸಂಗ್ರಹಾಲಯದಲ್ಲಿದೆ. ಗನ್‌ಟ್ರಕ್ಕಿನವರ ನಿಯಮ ಒಂದೇ. ದಾಳಿಯಾದಾಗ ಸಾಮಾನಿನ ಲಾರಿಗಳು ನಿಲ್ಲದೆ ಮುಂದೆ ಹೋಗಬೇಕು, ಗನ್‌ಟ್ರಕ್ಕು ಮಾತ್ರ ಗುಂಡು ಬರುವ ಕಡೆಗೇ ತಿರುಗಬೇಕು. ಯಾರೋ ತಿರುಗಿದ್ದರಿಂದ ನಮ್ಮವನು ಮುಂದೆ ಹೋದ. ಅವನು ಹೊತ್ತ ಹಂಗುಗಳಲ್ಲಿ ಅತಿ ಭಾರದ್ದು ಇದು. ತೀರಿಸಲು ಆ ಮನುಷ್ಯ ಈಗ ಇಲ್ಲ.

ಮನೆಗೆ ಬಂದಾಗ ಅವನಿಗೆ ಇಪ್ಪತ್ತೊಂದು. ಅಪ್ಪ ಅಮ್ಮ ಏನೂ ಕೇಳಲಿಲ್ಲ, ಅವನು ಏನೂ ಹೇಳಲಿಲ್ಲ. ವೈದ್ಯಶಾಸ್ತ್ರ ಈ ಬಗೆಯ ಮನಸ್ಸಿನ ಗಾಯವನ್ನು ಒಂದು ರೋಗ ಎಂದು ಪಟ್ಟಿಗೆ ಸೇರಿಸಿದ್ದು 1980ರಲ್ಲಿ. ಅಲ್ಲಿಯವರೆಗೆ ನಿದ್ದೆ ಬಾರದವನು ಮಾಡಬಹುದಾದ ಕೆಲಸ ಎರಡೇ ಇದ್ದವು. ಕುಡಿಯುವುದು, ಇಲ್ಲವೇ ರಾತ್ರಿ ದುಡಿಯುವುದು. ಎಷ್ಟೋ ಮಂದಿ ಮೊದಲನೆಯದರಲ್ಲಿ ಹಾಳಾದರು. ನಮ್ಮವನು ರಾತ್ರಿಯ ಲಾರಿ ಹಿಡಿದ.

ದನದ ಲಾರಿ ಓಡಿಸುವುದು ಸುಲಭದ ಕಸುಬಲ್ಲ. ಎಲ್ಲ ಡ್ರೈವರುಗಳಿಗೂ ಅದು ಒಗ್ಗುವುದಿಲ್ಲ. ಟ್ರೇಲರು ಅಲ್ಯೂಮಿನಿಯಮ್ಮಿನದು, ಹದಿನಾರು ಮೀಟರು ಉದ್ದ, ಒಳಗೆ ಎರಡಂತಸ್ತು, ಪಕ್ಕೆಗಳ ತುಂಬ ಗಾಳಿಗಂಡಿ. ಲಾರಿಯೂ ಸೇರಿ ಒಟ್ಟು ತೂಕ 80,000 ಪೌಂಡ್ ಮೀರುವಂತಿಲ್ಲ ಎಂದು ರಾಷ್ಟ್ರೀಯ ಹೆದ್ದಾರಿಗಳ ನಿಯಮ. ಅಂದರೆ ಮೂವತ್ತಾರು ಟನ್ನಿಗಿಂತ ಸ್ವಲ್ಪ ಹೆಚ್ಚು. ಅದರಲ್ಲಿ ಇಪ್ಪತ್ತೆರಡು ಟನ್ನು ಜೀವಂತ ಸರಕು. ಹಾಲು ಬಿಡಿಸಿದ ಕರುಗಳಾದರೆ ತೊಂಬತ್ತರ ಹತ್ತಿರ. ಈ ಸರಕು ನಿಂತಲ್ಲಿ ನಿಲ್ಲುವುದಿಲ್ಲ. ತಿರುವಿನಲ್ಲಿ ಅವಸರ ಮಾಡಿದರೆ ಎಲ್ಲ ಒಂದು ಪಕ್ಕಕ್ಕೆ ವಾಲುತ್ತವೆ, ಮೇಲಂತಸ್ತು ತುಂಬಿದ್ದರೆ ಲಾರಿ ಮಗುಚುತ್ತದೆ. ಬ್ರೇಕು ಥಟ್ಟನೆ ಹಾಕಿದರೆ ಒಂದು ಕರು ಬೀಳುತ್ತದೆ. ಬಿದ್ದದ್ದನ್ನು ಬೇಗ ಎಬ್ಬಿಸದಿದ್ದರೆ ಉಳಿದವು ತುಳಿದುಬಿಡುತ್ತವೆ. ಬೇಸಿಗೆಯಲ್ಲಿ ನಿಲ್ಲಿಸುವಂತಿಲ್ಲ, ಓಟ ನಿಂತರೆ ಒಳಗೆ ಗಾಳಿಯೂ ನಿಲ್ಲುತ್ತದೆ. ಚಳಿಗಾಲದಲ್ಲಿ ಗಂಡಿಗಳಿಗೆ ಹಲಗೆ ಹಾಕಬೇಕು, ಆದರೆ ಎಲ್ಲಕ್ಕೂ ಅಲ್ಲ. ಎಷ್ಟು ಎಂಬುದನ್ನು ಆ ರಾತ್ರಿಯ ಗಾಳಿ ನೋಡಿ ನಿರ್ಧರಿಸಬೇಕು.

ಕಾನೂನುಗಳೂ ಕಡಿಮೆಯಿಲ್ಲ. ರೈಲಿನ ಕಾಲದಲ್ಲಿ, 1873ರಲ್ಲಿ, ದನಗಳನ್ನು 28 ಗಂಟೆಗಿಂತ ಹೆಚ್ಚು ಹೊತ್ತು ಇಳಿಸದೆ, ನೀರು ಮೇವು ಕೊಡದೆ ಸಾಗಿಸಬಾರದೆಂದು ಬಂದ ನಿಯಮ ಇಂದು ಲಾರಿಗೂ ಇದೆ. ಡ್ರೈವರಿಗೆ ದಿನಕ್ಕೆ ಹನ್ನೊಂದು ಗಂಟೆಯ ಓಟ, ಆಮೇಲೆ ಹತ್ತು ಗಂಟೆ ವಿಶ್ರಾಂತಿ. 2017ರ ಡಿಸೆಂಬರಿನಿಂದ ಬಹುತೇಕ ಲಾರಿಗಳಲ್ಲಿ ಈ ಗಂಟೆಗಳನ್ನು ಯಂತ್ರವೇ ಬರೆದುಕೊಳ್ಳುತ್ತದೆ. ದನದ ಲಾರಿಯವರು ಗಟ್ಟಿಯಾಗಿ ಪ್ರಶ್ನೆ ಎತ್ತಿದರು. ಹನ್ನೊಂದನೇ ಗಂಟೆ ಮುಗಿದಾಗ ಊರು ಇನ್ನೂ ಒಂದು ಗಂಟೆ ದೂರ ಇದ್ದರೆ, ತೊಂಬತ್ತು ಕರುಗಳನ್ನು ರಸ್ತೆಬದಿಯಲ್ಲಿ ಹತ್ತು ಗಂಟೆ ನಿಲ್ಲಿಸಿಕೊಂಡು ಮಲಗಬೇಕೇ? ಸಂಸತ್ತು ಅವರ ಮಾತು ಕೇಳಿ ಯಂತ್ರದ ನಿಯಮವನ್ನು ದನದ ಲಾರಿಗಳ ಮಟ್ಟಿಗೆ ಮುಂದೂಡಿತು. ನಿದ್ದೆಗೆಟ್ಟ ಡ್ರೈವರು ರಸ್ತೆಯಲ್ಲಿ ಎಲ್ಲರಿಗೂ ಅಪಾಯ ಎಂಬುದನ್ನು ನಾನು ಒಪ್ಪುತ್ತೇನೆ. ಆದರೂ ಈ ವಾದದಲ್ಲಿ ನನ್ನ ಮನಸ್ಸು ಅವರ ಕಡೆಗೇ ವಾಲುತ್ತದೆ. ಅವರು ಕೇಳಿದ್ದು ತಮ್ಮ ದುಡ್ಡಿಗಾಗಿ ಮಾತ್ರವಲ್ಲ.

ದನವನ್ನು ಮಾಂಸಕ್ಕಾಗಿ ಸಾಕುವ ಬಾಳು ನಮ್ಮ ಕೇಳುಗರಲ್ಲಿ ಹಲವರ ಮನಸ್ಸಿಗೆ ಒಪ್ಪುವ ವಿಷಯವಲ್ಲ ಎಂಬುದು ನನಗೆ ಗೊತ್ತು. ಒಪ್ಪಿಸುವುದು ನನ್ನ ಉದ್ದೇಶವೂ ಅಲ್ಲ. ಆದರೆ ಫೆಬ್ರವರಿ ಮಾರ್ಚಿನ ಹಿಮದಲ್ಲಿ, ಎರಡು ಗಂಟೆಗೊಮ್ಮೆ ಎದ್ದು ಹೋಗಿ, ಈಯಲಾರದ ಕಡಸಿನ ಹೊಟ್ಟೆಗೆ ಮೊಣಕೈವರೆಗೆ ಕೈ ಹಾಕಿ ಕರು ತಿರುಗಿಸುವವನನ್ನು, ಹೆಪ್ಪುಗಟ್ಟಿದ ಕರುವನ್ನು ಅಡುಗೆಮನೆಗೆ ಹೊತ್ತು ತಂದು ಬೆಚ್ಚನೆಯ ನೀರಲ್ಲಿ ಇಳಿಸುವವನನ್ನು ನಿರ್ದಯ ಎನ್ನಲು ನನ್ನಿಂದಾಗದು. 2013ರ ಅಕ್ಟೋಬರ್ ಮೊದಲ ವಾರದಲ್ಲಿ ಪಶ್ಚಿಮ ದಕ್ಷಿಣ ಡಕೋಟದಲ್ಲಿ ಅಕಾಲದ ಹಿಮಗಾಳಿ ಬೀಸಿತು. ದನಗಳಿಗೆ ಚಳಿಗಾಲದ ತುಪ್ಪಳ ಇನ್ನೂ ಬಂದಿರಲಿಲ್ಲ. ಮೊದಲು ಮಳೆಗೆ ನೆನೆದವು, ಆಮೇಲೆ ಹಿಮಕ್ಕೆ ಸಿಕ್ಕವು. ಸತ್ತ ದನಗಳ ಲೆಕ್ಕ ಸಾವಿರ ಸಾವಿರ. ವಾಷಿಂಗ್ಟನ್ನಿನಲ್ಲಿ ಬಜೆಟ್ಟಿನ ಜಗಳದಿಂದ ಸರ್ಕಾರಿ ಕಚೇರಿಗಳು ಮುಚ್ಚಿದ್ದ ವಾರ ಅದು. ಆಗ ನೆರವಾದದ್ದು ನೆರೆಯವರು. ಮೊಂಟಾನ, ನೆಬ್ರಾಸ್ಕದ ರ‍್ಯಾಂಚಿನವರು ತಮ್ಮ ಹಿಂಡಿನಿಂದ ಗಬ್ಬದ ಕಡಸುಗಳನ್ನು ಆರಿಸಿ, ಗುರುತೇ ಇಲ್ಲದ ಮನೆಗಳಿಗೆ ದಾನ ಕೊಟ್ಟರು. ಲಾರಿಗಳು ಅವನ್ನು ಹೊತ್ತು ತಂದವು.

ದನದ ತಳಿಯ ಒಂದು ಮಾತನ್ನು ಇಲ್ಲಿ ಬಿಡಲಾರೆ. ಸ್ಯಾಂಡ್‌ಹಿಲ್ಸ್ ಚಳಿಯ ಸೀಮೆ, ಅಲ್ಲಿ ಆಂಗಸ್, ಹೆರ್‌ಫರ್ಡ್ ದನಗಳೇ ಹೆಚ್ಚು. ಬಿಸಿಲಿನ ಟೆಕ್ಸಾಸಿನಲ್ಲಿ ಹೆಗಲುಡುಬ್ಬದ ಬ್ರಾಹ್ಮನ್ ದನಗಳಿವೆ. ಭಾರತದಿಂದ ಹೋದ ತಳಿಗಳನ್ನು ಕೂಡಿಸಿ ಅಲ್ಲಿಯವರು ಅದನ್ನು ಬೆಳೆಸಿದರು. ಗಿರ್, ಗುಜರಾತಿನ ಕಾಂಕ್ರೇಜ್, ಆಂಧ್ರದ ಓಂಗೋಲ್ ಜೊತೆಗೆ ನಮ್ಮ ಬಾಗಲಕೋಟೆ ಬೆಳಗಾವಿ ಸೀಮೆಯ ಕೃಷ್ಣಾ ತೀರದ ತಳಿಯ ರಕ್ತವೂ ಅದರಲ್ಲಿದೆ. ಎರೆಮಣ್ಣು ಉಳುತ್ತಿದ್ದ ಎತ್ತುಗಳ ಬಳಗದ ದನ ಅಮೆರಿಕದ ರ‍್ಯಾಂಚಿನಲ್ಲಿ ಮೇಯುತ್ತಿದೆ. ಇಲ್ಲಿ ಮಾತ್ರ ಆ ಶುದ್ಧ ತಳಿ ಕಾಣಸಿಗುವುದೇ ಕಷ್ಟವಾಗಿದೆ.

ನೆರೆಯವರ ಹಂಗಿನ ಮಾತಿಗೆ ಬರೋಣ. ಏಪ್ರಿಲ್ ಮೇ ತಿಂಗಳಲ್ಲಿ ಕರುಗಳಿಗೆ ಬರೆ ಹಾಕುವ ಕೆಲಸ. ಆಯಾ ಮನೆಯ ಗುರುತನ್ನು ಕಾದ ಕಬ್ಬಿಣದಿಂದ ಒತ್ತಬೇಕು, ಲಸಿಕೆ ಹಾಕಬೇಕು, ಹೋರಿಗರುಗಳ ಬೀಜ ತೆಗೆಯಬೇಕು. ಒಂದು ಮನೆಯವರಿಂದ ಆಗುವಂಥದ್ದಲ್ಲ. ಸುತ್ತ ನಲವತ್ತು ಐವತ್ತು ಕಿಲೋಮೀಟರಿನಿಂದ ಕುದುರೆ, ಹಗ್ಗ, ಹೆಂಡತಿ ಮಕ್ಕಳ ಸಮೇತ ಜನ ಬರುತ್ತಾರೆ. ಕೂಲಿ ಎಂಬ ಮಾತಿಲ್ಲ. ನಮ್ಮ ಮಲೆನಾಡಿನಲ್ಲಿ ನಾಟಿಗೆ ಮುಯ್ಯಾಳು ಹೋಗುವಂತೆ, ಇವತ್ತು ಇವರ ಮನೆ, ನಾಳೆ ಅವರ ಮನೆ. ಬಂದವರಿಗೆಲ್ಲ ಮನೆಯವರು ಮಧ್ಯಾಹ್ನ ಊಟ ಹಾಕಬೇಕು. ಯಾರು ಬಂದರು ಎಂದು ಯಾರೂ ಬರೆದಿಡುವುದಿಲ್ಲ, ಆದರೆ ಯಾರೂ ಮರೆಯುವುದೂ ಇಲ್ಲ. ಎಪ್ಪತ್ತು ದಾಟಿದವನು ಕರು ಕೆಡವಲಾರ. ಅವನ ಕೈಗೆ ಲಸಿಕೆಯ ಸೂಜಿ ಕೊಡುತ್ತಾರೆ. ಅದನ್ನೂ ಹಿಡಿಯಲಾರದವನು ಬೆಂಕಿಯ ಹತ್ತಿರ ಕೂತು ಕಬ್ಬಿಣ ಕಾಯಿಸುತ್ತಾನೆ. ಮನೆಯಲ್ಲಿ ಕೂರಬಾರದು, ಅಷ್ಟೇ.

ಅದೇ ಮಂದಿ ಭಾನುವಾರ ಚರ್ಚಿನಲ್ಲಿ ಸೇರುತ್ತಾರೆ. ಹುಲ್ಲಿನ ನಡುವೆ ಬಿಳಿಯ ಬಣ್ಣದ ಸಣ್ಣ ಮರದ ಕಟ್ಟಡ, ಪಕ್ಕದಲ್ಲಿ ಸ್ಮಶಾನ. ಲೂಥರನ್, ಮೆಥಡಿಸ್ಟ್, ಕ್ಯಾಥೊಲಿಕ್ ಎಂದು ಪಂಗಡ ಬೇರೆ ಬೇರೆ, ಪಾಡು ಒಂದೇ. ಬರುವವರು ಕಡಿಮೆಯಾಗಿ ಎರಡು ಮೂರು ಚರ್ಚಿಗೆ ಒಬ್ಬ ಪಾದ್ರಿ. ಒಂಬತ್ತಕ್ಕೆ ಒಂದು ಊರಲ್ಲಿ ಪೂಜೆ ಮುಗಿಸಿ, ಹನ್ನೊಂದಕ್ಕೆ ಇನ್ನೊಂದು ಊರಿಗೆ ಕಾರು ಓಡಿಸಬೇಕು. ಪ್ರಾರ್ಥನೆಯ ನಡುವೆ ಊರವರ ಕಷ್ಟಗಳನ್ನು ಹೆಸರು ಹಿಡಿದು ಓದುತ್ತಾರೆ. ಇವರಿಗೆ ಶಸ್ತ್ರಚಿಕಿತ್ಸೆ, ಅವರ ಮಗ ಸೇನೆಯಲ್ಲಿ, ಇನ್ನೊಬ್ಬರ ಮನೆಗೆ ಬೆಂಕಿ. ಆಮೇಲೆ ನೆಲಮಾಳಿಗೆಯಲ್ಲಿ ಕಾಫಿ. ಹೊರಗಿನವರಿಗೆ ಅದು ಹರಟೆ. ಯಾರ ಹುಲ್ಲಿನ ಬಣವೆ ಮುಗಿದಿದೆ, ಯಾರು ಮೂರು ವಾರದಿಂದ ಕಾಣುತ್ತಿಲ್ಲ ಎಂಬುದು ತಿಳಿಯುವುದು ಆ ಕಾಫಿಯ ಹೊತ್ತಿನಲ್ಲಿ.

1980ರ ದಶಕದಲ್ಲಿ ಚರ್ಚಿನ ಈ ಒಡನಾಟದ ಬೆಲೆ ಗೊತ್ತಾಯಿತು. ಬಡ್ಡಿ ನೂರಕ್ಕೆ ಇಪ್ಪತ್ತರ ಹತ್ತಿರ ಹೋಗಿ, ಜಮೀನಿನ ಬೆಲೆ ಕುಸಿದು, ಸಾಲಗಾರರ ನೆಲ ಹರಾಜಿಗೆ ಬಂದ ಕಾಲ. ಆತ್ಮಹತ್ಯೆಗಳಾದವು. ನಾಲ್ಕು ತಲೆಮಾರಿನ ನೆಲ ನನ್ನ ಕೈಯಲ್ಲಿ ಹೋಯಿತು ಎಂಬ ನಾಚಿಕೆ ಸಾಲಕ್ಕಿಂತ ದೊಡ್ಡದು. ನಮ್ಮ ಮಂಡ್ಯ, ಹಾವೇರಿಗಳ ಮನೆಗಳನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1984ರಲ್ಲಿ ನೆಬ್ರಾಸ್ಕದ ಚರ್ಚುಗಳು ಪಂಗಡದ ಗೋಡೆ ದಾಟಿ ಒಂದಾಗಿ ರೈತರಿಗೆ ಒಂದು ಸಹಾಯವಾಣಿ ತೆರೆದವು. ಫೋನು ಮಾಡಿದವರಿಗೆ ಸಾಲದ ಕಾಗದ ಓದಿ ಹೇಳುವವರು, ವಕೀಲರು, ಮನಸ್ಸಿನ ಮಾತು ಕೇಳುವವರು ಸಿಗುತ್ತಿದ್ದರು. ಆ ಸಹಾಯವಾಣಿ ನಿಂತಿಲ್ಲ.

ದೂರ ಓಡುವ ಡ್ರೈವರಿಗೆ ಎಲ್ಲ ಭಾನುವಾರವೂ ತನ್ನ ಊರು ಸಿಗುವುದಿಲ್ಲ. ಅದಕ್ಕೂ ದಾರಿಯಿದೆ. ದೊಡ್ಡ ಟ್ರಕ್‌ಸ್ಟಾಪುಗಳ ಮೂಲೆಯಲ್ಲಿ ಹಳೆಯ ಟ್ರೇಲರೊಂದನ್ನೇ ಪ್ರಾರ್ಥನಾಮಂದಿರ ಮಾಡಿರುತ್ತಾರೆ. ಹತ್ತಿಪ್ಪತ್ತು ಕುರ್ಚಿ, ಒಬ್ಬ ಪಾದ್ರಿ, ಹಗಲೂ ರಾತ್ರಿ ತೆರೆದ ಬಾಗಿಲು. ಬೂಟಿಗೆ ಸಗಣಿ ಮೆತ್ತಿದ್ದರೂ ಯಾರೂ ತಡೆಯುವುದಿಲ್ಲ.

ರಸ್ತೆಯಲ್ಲಿ ಇನ್ನೊಂದು ಜೊತೆ ರೇಡಿಯೊ. ಇದನ್ನು ರೇಡಿಯೊದಲ್ಲೇ ಹೇಳಲು ನನಗೆ ಸಂತೋಷ. ನೆಬ್ರಾಸ್ಕದ ಲೆಕ್ಸಿಂಗ್ಟನ್ ಎಂಬ ಊರಿನಲ್ಲಿ ಕೆಆರ್‌ವಿಎನ್ ಎಂಬ ಕೇಂದ್ರವಿದೆ. 1951ರಿಂದ ಅದರ ಒಡೆತನ ರೈತರ, ರ‍್ಯಾಂಚಿನವರ ಸಂಘದ್ದೇ. ದನದ ಧಾರಣೆ, ಹಿಮದ ಮುನ್ಸೂಚನೆ, ಹರಾಜಿನ ಸುದ್ದಿ ಅದರಲ್ಲಿ ಬರುತ್ತದೆ. ನಮ್ಮ ಆಕಾಶವಾಣಿಯ ಕೃಷಿರಂಗಕ್ಕೆ ಕಿವಿಗೊಟ್ಟು ಬೆಳೆದವರಿಗೆ ಅದು ಪರಿಚಿತ ದನಿ. ಹಣ ಹಾಕಿ ಕೇಂದ್ರವನ್ನೇ ಕಟ್ಟಿಕೊಂಡ ಕೇಳುಗರ ಬಗ್ಗೆ ನನಗೆ ತುಂಬ ಗೌರವ.

ಮುಪ್ಪಿನಲ್ಲಿ ಯುದ್ಧ ಮತ್ತೆ ಮೈಗೆ ಬಂತು. ವಿಯೆಟ್ನಾಮಿನ ಕಾಡಿನ ಎಲೆ ಉದುರಿಸಲೆಂದು ಅಮೆರಿಕದ ವಿಮಾನಗಳು 1962ರಿಂದ 1971ರವರೆಗೆ ವಿಷ ಸಿಂಪಡಿಸಿದ್ದವು. ಏಜೆಂಟ್ ಆರೆಂಜ್ ಎಂಬುದು ಅದರಲ್ಲಿ ಮುಖ್ಯವಾದದ್ದು. ಅಲ್ಲಿನ ಹಳ್ಳಿಗಳ ಜನ ಅದನ್ನು ಇಂದಿಗೂ ಉಣ್ಣುತ್ತಿದ್ದಾರೆ, ಅವರ ಎದುರು ಬೇರೆ ಯಾರ ನೋವೂ ಚಿಕ್ಕದೇ. ಆ ರಸ್ತೆಗಳಲ್ಲಿ ಲಾರಿ ಓಡಿಸಿದವರಿಗೂ ತಟ್ಟಿತು. 1991ರ ಕಾನೂನಿನ ಮೇಲೆ ಒಂದೊಂದಾಗಿ ಕ್ಯಾನ್ಸರುಗಳು, ಸಕ್ಕರೆ ಕಾಯಿಲೆ, ಹೃದ್ರೋಗ, ಪಾರ್ಕಿನ್ಸನ್, 2022ರಲ್ಲಿ ರಕ್ತದೊತ್ತಡ ಕೂಡ ಪರಿಹಾರದ ಪಟ್ಟಿಗೆ ಸೇರಿದವು. ಯುದ್ಧ ಮುಗಿದು ಐವತ್ತು ವರ್ಷ ಹತ್ತಿರವಾಗುವವರೆಗೆ ಪಟ್ಟಿ ಬೆಳೆಯುತ್ತಲೇ ಇತ್ತು. ಕಾದು ಕಾದು ಸತ್ತವರೆಷ್ಟೋ. ಇದು ನಾಚಿಕೆಯ ಸಂಗತಿ, ಮೆದುವಾಗಿ ಹೇಳಲು ನನಗೆ ಬಾಯಿ ಬರುವುದಿಲ್ಲ.

ಯೋಧರ ಆಸ್ಪತ್ರೆ ದಕ್ಷಿಣ ಡಕೋಟದ ಹಾಟ್ ಸ್ಪ್ರಿಂಗ್ಸ್ ಊರಿನಲ್ಲಿದೆ, 1907ರಲ್ಲಿ ಕಟ್ಟಿದ ಮರಳುಗಲ್ಲಿನ ಚೆಂದದ ಕಟ್ಟಡ. ಚೆರಿ ಕೌಂಟಿಯ ಮುಖ್ಯ ಊರಾದ ವ್ಯಾಲೆಂಟೈನ್‌ನಿಂದ ಅದು ಇನ್ನೂರೈವತ್ತು ಕಿಲೋಮೀಟರಿಗೂ ದೂರ. 2011ರಲ್ಲಿ ಅದನ್ನು ಮುಚ್ಚುವ ಪ್ರಸ್ತಾವ ಬಂದಾಗ ಸುತ್ತಲಿನ ಮಾಜಿ ಯೋಧರು ವರ್ಷಗಟ್ಟಲೆ ಪಟ್ಟು ಹಿಡಿದು ಉಳಿಸಿಕೊಂಡರು. ಅಷ್ಟು ದೂರ ಕಾರು ಓಡಿಸಲಾರದ ಮುದುಕರನ್ನು ಕರೆದೊಯ್ಯಲು ಅಂಗವಿಕಲ ಯೋಧರ ಸಂಘ 1987ರಿಂದ ದೇಶದಾದ್ಯಂತ ವ್ಯಾನುಗಳ ವ್ಯವಸ್ಥೆ ನಡೆಸುತ್ತಿದೆ. ಡ್ರೈವರುಗಳು ಸಂಬಳವಿಲ್ಲದ ಸ್ವಯಂಸೇವಕರು. ಲಾರಿಯಿಂದ ಇಳಿದ ಮೇಲೆ ನಮ್ಮವನು ಹಿಡಿದ ಸ್ಟೇರಿಂಗ್ ಇದು. ನಸುಕಿನಲ್ಲಿ ಹೊರಟು ಒಂದೊಂದು ಊರಲ್ಲಿ ಒಬ್ಬೊಬ್ಬರನ್ನು ಹತ್ತಿಸಿಕೊಳ್ಳುತ್ತಾನೆ. ಹೆಂಡತಿಗೆ, ಮಕ್ಕಳಿಗೆ, ಪಾದ್ರಿಗೆ ಹೇಳದ 19ನೇ ಹೆದ್ದಾರಿಯ ಮಾತು ಆ ವ್ಯಾನಿನೊಳಗೆ ಬಂದಿದೆ. ಎಲ್ಲರೂ ಮುಂದಿನ ರಸ್ತೆ ನೋಡುತ್ತ ಕೂತಿರುವುದರಿಂದ ಮಾತಾಡುವುದು ಸುಲಭ. ಯಾರೂ ಯಾರ ಮುಖವನ್ನೂ ನೋಡಬೇಕಿಲ್ಲ.

ಆ ವ್ಯಾನಿನಲ್ಲಿ ಬಂದವರನ್ನು ಒಬ್ಬೊಬ್ಬರಾಗಿ ಮಣ್ಣು ಮಾಡುವುದೂ ಅವನ ಪಾಲಿಗೇ ಬಂತು. ಪ್ರತಿ ಮಾಜಿ ಯೋಧನ ಅಂತ್ಯಕ್ರಿಯೆಗೂ, ಮನೆಯವರು ಕೇಳಿದರೆ, ಸಮವಸ್ತ್ರದ ಇಬ್ಬರು ಸೈನಿಕರು ಬಂದು ಧ್ವಜ ಮಡಿಸಿ ಕೊಡಬೇಕು, ಕಹಳೆಯಲ್ಲಿ ಟ್ಯಾಪ್ಸ್ ಎಂಬ ವಿದಾಯದ ರಾಗ ನುಡಿಸಬೇಕು ಎಂಬುದು 2000ದಿಂದ ಜಾರಿಯಲ್ಲಿರುವ ಕಾನೂನು. ಕಹಳೆ ಊದುವವರು ಸಾಲದೆ, 2003ರಲ್ಲಿ ಒಳಗೆ ಧ್ವನಿಯಂತ್ರ ಇಟ್ಟ ಕಹಳೆ ಬಂತು. ಸೈನಿಕ ಅದನ್ನು ತುಟಿಗಿಟ್ಟು ನಿಲ್ಲುತ್ತಾನೆ, ಒಳಗಿನ ಯಂತ್ರ ನುಡಿಯುತ್ತದೆ. ಮೂರು ಸುತ್ತು ಕುಶಾಲುತೋಪು ಹಾರಿಸುವವರು ಮಾತ್ರ ಅಮೆರಿಕನ್ ಲೀಜನ್ ಎಂಬ ಮಾಜಿ ಯೋಧರ ಸಂಘದ ಊರ ಮುದುಕರೇ. ಎರಡನೇ ಮಹಾಯುದ್ಧದ ಕಾಲದ ರೈಫಲ್ಲುಗಳನ್ನು ಸೇನೆ ಅವರಿಗೆ ಕಡ ಕೊಟ್ಟಿರುತ್ತದೆ. ಗಾಳಿ ಹೊಡೆಯುವ ದಿಬ್ಬದ ಸ್ಮಶಾನದಲ್ಲಿ, ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ, ಮಂಡಿ ಸವೆದ ಏಳು ಮಂದಿ ನೆಟ್ಟಗೆ ನಿಲ್ಲಬೇಕು. ಏಳು ಮಂದಿ ಸಿಗುವುದು ಈಗ ಕಷ್ಟ. ಪಕ್ಕದ ಜಿಲ್ಲೆಯಿಂದ ಎರವಲು ತರುತ್ತಾರೆ, ಅಲ್ಲಿಗೆ ಸಾವು ಬಂದಾಗ ಇವರು ಹೋಗುತ್ತಾರೆ. ಅಂತ್ಯಕ್ರಿಯೆ ಮುಗಿದ ಮೇಲೆ ಚರ್ಚಿನ ಹೆಂಗಸರು ನೆಲಮಾಳಿಗೆಯಲ್ಲಿ ಎಲ್ಲರಿಗೂ ಊಟ ಬಡಿಸುತ್ತಾರೆ.

ಇನ್ನು ಮುಂದಿನವರ ಮಾತು. 2022ರ ಕೃಷಿಗಣತಿಯ ಪ್ರಕಾರ ಅಮೆರಿಕದ ಬೇಸಾಯಗಾರರ ಸರಾಸರಿ ವಯಸ್ಸು 58 ದಾಟಿದೆ. ಮಕ್ಕಳು ಒಮಾಹಕ್ಕೋ ಡೆನ್ವರಿಗೋ ಹೋದ ಮನೆಗಳಲ್ಲಿ ನೆಲ ಕೊಳ್ಳುವವನು ಹೆಚ್ಚಾಗಿ ದೂರದ ಹಣವಂತ. ಅವನು ಬರೆ ಹಾಕಲು ಬರುವುದಿಲ್ಲ, ಚರ್ಚಿನ ಬೆಂಚಿನಲ್ಲಿ ಕೂರುವುದಿಲ್ಲ. ಮಗಳು ಉಳಿದ ಮನೆಗಳೂ ಇವೆ. ನಮ್ಮವನ ಮನೆ ಅಂಥದು ಎಂದಿಟ್ಟುಕೊಳ್ಳಿ. ಅಮೆರಿಕದ ಕಾನೂನಿನಲ್ಲಿ ರೈತ ತನ್ನದೇ ಹೊಲದ ಸರಕನ್ನು ತನ್ನದೇ ಲಾರಿಯಲ್ಲಿ ತನ್ನ ರಾಜ್ಯದೊಳಗೆ ಸಾಗಿಸಲು ವಾಣಿಜ್ಯ ಲೈಸೆನ್ಸ್ ಬೇಕಿಲ್ಲ. ಬೇರೆಯವರ ದನವನ್ನು ಬಾಡಿಗೆಗೆ ಸಾಗಿಸಲು ಬೇಕು. 2022ರ ಫೆಬ್ರವರಿಯಿಂದ ಅದಕ್ಕೆ ನೋಂದಾಯಿತ ತರಬೇತಿ ಕೇಂದ್ರದಲ್ಲಿ ಕಲಿಯುವುದೂ ಕಡ್ಡಾಯವಾಗಿದೆ. ಹಣವೂ ಖರ್ಚು, ವಾರಗಳೂ ಖರ್ಚು. ಅವಳ ಸ್ವಂತ ಕರುಗಳ ಮಟ್ಟಿಗೆ ಅದರ ಅಗತ್ಯವಿಲ್ಲ. ಆದರೆ ಅಕ್ಟೋಬರಿನಲ್ಲಿ ಕರು ಮಾರುವ ಕಾಲಕ್ಕೆ ಅಪ್ಪನ ಲಾರಿಯನ್ನೇ ನೆಚ್ಚಿದ ನಾಲ್ಕಾರು ಮನೆಗಳಿವೆ. ಅವಳು ತರಬೇತಿಗೆ ಹೆಸರು ಕೊಟ್ಟಿದ್ದಾಳೆ. ಅಷ್ಟು ದಿನ ಅವಳ ಹಸುಗಳನ್ನು ನೋಡಿಕೊಳ್ಳಲು ಪಕ್ಕದ ರ‍್ಯಾಂಚಿನವರು ಬೆಳಗ್ಗೆ ಸಂಜೆ ಬರುತ್ತಾರೆ.